ಎಲ್ಲ ಪದರವೂ ಪೂರ್ವಕ್ಕೇ ವಾಲಿದಾಗ: ಚಿತ್ರದುರ್ಗದ ನೆಲದ ಅಡ್ಡಛೇದ ಬಿಡಿಸುವ ಮತ್ತು ಓದುವ ಬಗೆ

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತು ನೋಡಿದರೆ ಬೆಟ್ಟದ ಸಾಲುಗಳು ಒಂದರ ಹಿಂದೆ ಒಂದು, ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯದ ಕಡೆಗೆ ಉದ್ದಕ್ಕೆ ಹಾಸಿಕೊಂಡಿರುವುದು ಕಾಣುತ್ತದೆ. ಕೋಟೆಯನ್ನು ಹೊತ್ತ ಗುಂಡುಬಂಡೆಗಳು ಮಾತ್ರ ಈ ಸಾಲಿಗೆ ಸೇರುವುದಿಲ್ಲ, ಏಕೆಂದರೆ ಅವು ಗ್ರಾನೈಟ್. ಸುತ್ತಲಿನ ಸಾಲುಬೆಟ್ಟಗಳು ಗದಗದಿಂದ ಮಂಡ್ಯದ ಕಡೆಗೆ 400 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿರುವ ಚಿತ್ರದುರ್ಗ ಶಿಸ್ಟ್ (ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ, ಹಾಳೆಹಾಳೆಯಾಗಿ ಸೀಳುವ ಕಲ್ಲು) ಪಟ್ಟಿಯ ಶಿಲೆಗಳು. ನಕ್ಷೆ ನಮಗೆ ಇಷ್ಟನ್ನು ತಿಳಿಸುತ್ತದೆ. ಈ ಪದರಗಳು ನೆಲದೊಳಗೆ ಯಾವ ಕಡೆಗೆ ವಾಲಿ ಇಳಿದಿವೆ, ಎಲ್ಲಿ ಮಡಿಚಿಕೊಂಡಿವೆ, ಎಲ್ಲಿ ಮುರಿದಿವೆ ಎಂಬುದನ್ನು ತಿಳಿಯಬೇಕಾದರೆ ನೆಲವನ್ನು ಕತ್ತಿಯಿಂದ ಸೀಳಿದಂತೆ ಕಲ್ಪಿಸಿಕೊಂಡು ಆ ಸೀಳಿನ ಮುಖವನ್ನು ಕಾಗದದ ಮೇಲೆ ಬಿಡಿಸಬೇಕು. ಅದೇ ಭೂವೈಜ್ಞಾನಿಕ ಅಡ್ಡಛೇದ. ಪದವಿ ತರಗತಿಯ ವಿದ್ಯಾರ್ಥಿಗಳನ್ನೂ, ತಮ್ಮ ಊರಿನ ಕಲ್ಲುಗಳ ಬಗ್ಗೆ ನಿಜವಾದ ಕುತೂಹಲವುಳ್ಳವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಪದರಗಳು ಒಂದು ಕಡೆ ಪಶ್ಚಿಮಕ್ಕೂ ಇನ್ನೊಂದು ಕಡೆ ಪೂರ್ವಕ್ಕೂ ವಾಲಿರುತ್ತವೆ. ಅವನ್ನು ಸೇರಿಸಿದರೆ ಮಡಿಕೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಚಿತ್ರದುರ್ಗದಲ್ಲಿ ಈ ಅನುಕೂಲವಿಲ್ಲ. ಇಲ್ಲಿ ಬಹುಪಾಲು ಪದರಗಳು ಕಡಿದಾಗಿ ಪೂರ್ವದ ಕಡೆಗೇ ವಾಲಿವೆ. ವಾಲಿದ ಕೋನವನ್ನಷ್ಟೇ ನಂಬಿ ಬಿಡಿಸಿದರೆ ಹತ್ತಾರು ಕಿಲೋಮೀಟರ್ ದಪ್ಪದ ಒಂದೇ ಅಟ್ಟಿ ಕಾಗದದ ಮೇಲೆ ನಿಲ್ಲುತ್ತದೆ, ಅದು ಸುಳ್ಳು. ಚಳ್ಳಕೆರೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ನಾಲ್ಕು ಪದರವೂ ಒಂದೇ ಕಡೆಗೆ ವಾಲಿರುತ್ತವೆ, ಆದರೆ ಇರುವುದು ಒಂದೇ ಕಂಬಳಿ. ಅದನ್ನು ಅರಿಯಲು ಪ್ರತಿ ಪದರದಲ್ಲೂ ಕಂಬಳಿಯ ಯಾವ ಮೈ ಮೇಲಾಗಿದೆ ಎಂದು ನೋಡಬೇಕು. ಶಿಲೆಯಲ್ಲೂ ಹಾಗೆಯೇ. ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇದೇ ವಿಷಯದ ಮೇಲೆ.

ರೇಖೆ, ಪ್ರಮಾಣ, ಮೇಲ್ಮೈ

ಮೊದಲ ಕೆಲಸ ಛೇದರೇಖೆಯನ್ನು ಆರಿಸುವುದು. ಪದರದ ಮೇಲ್ಮೈ ಮಟ್ಟಸವಾದ ಸಮತಲವನ್ನು ಕತ್ತರಿಸುವ ರೇಖೆಯ ದಿಕ್ಕಿಗೆ ಸ್ಟ್ರೈಕ್ ಎಂದೂ, ಅದಕ್ಕೆ ಲಂಬವಾಗಿ ಪದರ ಕೆಳಗೆ ಇಳಿಯುವ ಕೋನಕ್ಕೆ ಡಿಪ್ ಎಂದೂ ಹೆಸರು. ಛೇದರೇಖೆ ಆದಷ್ಟೂ ಸ್ಟ್ರೈಕಿಗೆ ಲಂಬವಾಗಿರಬೇಕು. ನಮ್ಮ ಪಟ್ಟಿಯ ಸ್ಟ್ರೈಕ್ ಉತ್ತರ ವಾಯವ್ಯಕ್ಕಿರುವುದರಿಂದ ರೇಖೆ ಪಶ್ಚಿಮ ನೈರುತ್ಯದಿಂದ ಪೂರ್ವ ಈಶಾನ್ಯಕ್ಕೆ ಹೋಗಬೇಕು. ಹೆದ್ದಾರಿಯ ಉದ್ದಕ್ಕೂ ನಡೆದರೆ ಕಲ್ಲು ಸುಲಭವಾಗಿ ಸಿಗುತ್ತದೆ ಎಂದು ರಸ್ತೆಯನ್ನೇ ಛೇದರೇಖೆಯಾಗಿ ಇಟ್ಟುಕೊಳ್ಳುವುದು ಸರಿಯಲ್ಲ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ದಾರಿ ಬಹುಮಟ್ಟಿಗೆ ಸ್ಟ್ರೈಕಿನ ದಿಕ್ಕಿಗೆ ಹತ್ತಿರವಾಗಿಯೇ ಸಾಗುತ್ತದೆ. ಅಳತೆಗಳನ್ನು ರಸ್ತೆಯಲ್ಲಿ ತೆಗೆದುಕೊಳ್ಳಿ, ರೇಖೆಯನ್ನು ಬೇರೆ ಎಳೆಯಿರಿ, ಆಮೇಲೆ ಅಳತೆಗಳನ್ನು ಸ್ಟ್ರೈಕಿನ ಗುಂಟ ಆ ರೇಖೆಗೆ ಸರಿಸಿ ತನ್ನಿ.

ಬೇಕಾಗುವ ಮೂಲ ಸಾಮಗ್ರಿ ಎರಡು: ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೊಶೀಟ್ (ನೆಲದ ಏರುತಗ್ಗು ತೋರಿಸುವ ನಕ್ಷೆ) ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ತನ್ನ ಭೂಕೋಶ್ ಜಾಲತಾಣದಲ್ಲಿ ಒದಗಿಸುವ ಭೂವೈಜ್ಞಾನಿಕ ನಕ್ಷೆ. ಟೋಪೊಶೀಟಿನ ಮೇಲೆ ರೇಖೆ ಎಳೆದು, ಅದರ ಪಕ್ಕದಲ್ಲಿ ಒಂದು ಉದ್ದ ಕಾಗದದ ಪಟ್ಟಿಯನ್ನಿಟ್ಟು, ಸಮೋನ್ನತಿ ರೇಖೆಗಳು ಅದನ್ನು ಮುಟ್ಟುವ ಜಾಗಗಳಲ್ಲಿ ಗುರುತು ಹಾಕಿ ಎತ್ತರಗಳನ್ನು ಬರೆದುಕೊಳ್ಳಿ. ಅದೇ ಪಟ್ಟಿಯ ಮೇಲೆ ಬೇರೆ ಬಣ್ಣದಲ್ಲಿ ಶಿಲೆಗಳ ಗಡಿಗಳನ್ನೂ, ಡಿಪ್ ಅಳೆದ ಜಾಗಗಳನ್ನೂ ಗುರುತಿಸಿ. ಪಟ್ಟಿಯನ್ನು ಗ್ರಾಫ್ ಕಾಗದಕ್ಕೆ ಸರಿಸಿ ಎತ್ತರಗಳನ್ನು ಸೇರಿಸಿದರೆ ನೆಲದ ಮೇಲ್ಮೈಯ ಗೆರೆ ಸಿದ್ಧವಾಗುತ್ತದೆ.

ಇಲ್ಲಿ ಒಂದು ಆಸೆಯನ್ನು ತಡೆದುಕೊಳ್ಳಬೇಕು. ಟೋಪೊಶೀಟಿನ ಎರಡು ಪಟ್ಟು ಹಿಗ್ಗಿಸಿ 1:25,000 ಪ್ರಮಾಣದಲ್ಲಿ ಬಿಡಿಸಿದರೂ 4 ಕಿಲೋಮೀಟರ್ ಉದ್ದದ ರೇಖೆ ಕಾಗದದ ಮೇಲೆ 16 ಸೆಂಟಿಮೀಟರ್ ಆಗುತ್ತದೆ. 300 ಮೀಟರ್ ಎತ್ತರದ ಬೆಟ್ಟ ಕೇವಲ 1.2 ಸೆಂಟಿಮೀಟರ್. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಬೆಟ್ಟ ಕಾಗದದಲ್ಲಿ ಇಷ್ಟು ಚಪ್ಪಟೆಯಾಯಿತಲ್ಲ ಎಂದು ಲಂಬ ಪ್ರಮಾಣವನ್ನು ಐದು ಪಟ್ಟು ಹಿಗ್ಗಿಸಿದರೆ, 30 ಡಿಗ್ರಿ ವಾಲಿದ ಪದರ ಸುಮಾರು 71 ಡಿಗ್ರಿಗೆ ವಾಲಿದಂತೆ ತೋರುತ್ತದೆ, ದಪ್ಪಗಳು ತಪ್ಪಾಗುತ್ತವೆ, ಮಡಿಕೆಗಳ ಆಕಾರವೇ ಬದಲಾಗುತ್ತದೆ. ಕಡಿದಾದ ಪದರಗಳ ನಾಡಿನಲ್ಲಿ ಲಂಬ ಮತ್ತು ಅಡ್ಡ ಪ್ರಮಾಣಗಳು ಒಂದೇ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಕಲ್ಲಿನ ಬಳಿ ಅಳೆಯುವಾಗ

ಡಿಪ್ ಅಳೆಯುವ ಕ್ರಮವನ್ನು ಎಲ್ಲರೂ ಕಲಿತಿರುತ್ತಾರೆ, ಹಾಗಾಗಿ ಈ ನೆಲಕ್ಕೆ ವಿಶೇಷವಾದ ಎರಡು ಎಚ್ಚರಿಕೆಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ದಿಕ್ಸೂಚಿಯ ವಿಷಯ. ಭೀಮಸಮುದ್ರದ ಸುತ್ತಿನಲ್ಲಿ ಕಾಣುವ ಪಟ್ಟೆ ಕಬ್ಬಿಣಶಿಲೆಯಲ್ಲಿ ಕಾಂತಗುಣದ ಖನಿಜವಾದ ಮ್ಯಾಗ್ನೆಟೈಟ್ ಇರುವ ಕಡೆ ದಿಕ್ಸೂಚಿಯ ಮುಳ್ಳು ಉತ್ತರವನ್ನು ತೋರಿಸುವುದಿಲ್ಲ, ಬಂಡೆಯನ್ನು ತೋರಿಸುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಅಂಥ ಒಂದು ದಿಣ್ಣೆಯ ಮೇಲೆ ದಿಕ್ಸೂಚಿಯನ್ನು ಕಲ್ಲಿಗೇ ಒತ್ತಿ ಹಿಡಿದು ಅಳೆದ ಸ್ಟ್ರೈಕುಗಳು ಅಕ್ಕಪಕ್ಕದವಕ್ಕಿಂತ ಮೂವತ್ತು ನಲವತ್ತು ಡಿಗ್ರಿ ತಿರುಗಿದ್ದವು. ಅವನ್ನು ನಂಬಿ ಇಲ್ಲದ ಮಡಿಕೆಯೊಂದನ್ನು ಛೇದದಲ್ಲಿ ಬಿಡಿಸಿದ್ದೆ. ಮತ್ತೆ ಅದೇ ದಿಣ್ಣೆಗೆ ಹೋಗಿ ಪದರದ ಗುಂಟ ಕಣ್ಣು ಹಾಯಿಸಿ ದೂರದ ಗುರುತೊಂದನ್ನು ಹಿಡಿದು, ಆ ದಿಕ್ಕನ್ನು ನಕ್ಷೆಯ ಮೇಲೆ ಅಳೆದಾಗ ಮಡಿಕೆ ಮಾಯವಾಯಿತು. ಅಂದಿನಿಂದ ಕಬ್ಬಿಣಶಿಲೆಯ ಬಳಿ ಎರಡು ಜಾಗಗಳ ನಡುವೆ ಮುನ್ನೋಟ (ಮೊದಲನೆಯದರಿಂದ ಎರಡನೆಯದರ ದಿಕ್ಕು), ಹಿನ್ನೋಟ (ಎರಡನೆಯದರಿಂದ ಮೊದಲನೆಯದರ ದಿಕ್ಕು) ಎರಡನ್ನೂ ಓದುತ್ತೇನೆ. ಅವುಗಳ ನಡುವೆ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಬಾರದಿದ್ದರೆ ಆ ಜಾಗದಲ್ಲಿ ಮುಳ್ಳನ್ನು ನಂಬುವುದಿಲ್ಲ. ಡಿಪ್ಪಿನ ಕೋನಕ್ಕೆ ಈ ಕಾಟವಿಲ್ಲ, ಏಕೆಂದರೆ ಕ್ಲೈನೋಮೀಟರ್ ತೂಗುವುದು ಭೂಮಿಯ ಗುರುತ್ವಕ್ಕೆ, ಕಾಂತಕ್ಕಲ್ಲ.

ಎರಡನೆಯದು ಇಳಿಜಾರಿನ ಮೋಸ. ಬೆಟ್ಟದ ಓರೆಯಲ್ಲಿ ಶಿಸ್ಟಿನ ಮೇಲಿನ ಒಂದೆರಡು ಮೀಟರ್ ಭಾಗ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಜಾರಿನ ಕಡೆಗೆ ಬಾಗಿರುತ್ತದೆ. ಅಲ್ಲಿ ಅಳೆದ ಡಿಪ್ ಒಳಗಿನ ಪದರದ ಡಿಪ್ ಅಲ್ಲ. ಕೆಲವೊಮ್ಮೆ ವಿರುದ್ಧ ದಿಕ್ಕಿಗೇ ಇರುತ್ತದೆ. ಹಳ್ಳದ ತಳ, ತೆರೆದ ಬಾವಿಯ ಗೋಡೆ, ಗಾಳಿಯಂತ್ರಗಳಿಗಾಗಿ ಬೆಟ್ಟಗಳ ಮೇಲೆ ಕಡಿದ ರಸ್ತೆಗಳ ಕೊರಕಲು, ಇವು ನಂಬಲರ್ಹ ಜಾಗಗಳು. ಹಿರಿಯೂರು, ಚಳ್ಳಕೆರೆ ಕಡೆಯ ಎರೆಭೂಮಿಯಲ್ಲಿ ಬಾವಿಗಳನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಹೊಲಗಳೂ ಇವೆ.

ಛೇದರೇಖೆ ಸ್ಟ್ರೈಕಿಗೆ ಲಂಬವಾಗಿಲ್ಲದ ಕಡೆ ನಿಜ ಡಿಪ್ಪನ್ನು ಹಾಗೆಯೇ ಬಿಡಿಸಬಾರದು. ಛೇದದ ಮುಖದಲ್ಲಿ ಪದರ ಕಡಿಮೆ ವಾಲಿದಂತೆ ತೋರುತ್ತದೆ. ತೋರಿಕೆಯ ಡಿಪ್ಪಿನ ಟ್ಯಾನ್ ಬೆಲೆ ಬೇಕಾದರೆ ನಿಜ ಡಿಪ್ಪಿನ ಟ್ಯಾನ್ ಬೆಲೆಯನ್ನು ಸ್ಟ್ರೈಕಿಗೂ ಛೇದರೇಖೆಗೂ ನಡುವಿನ ಕೋನದ ಸೈನ್ ಬೆಲೆಯಿಂದ ಗುಣಿಸಬೇಕು. ನಿಜ ಡಿಪ್ 60 ಡಿಗ್ರಿ ಇದ್ದು, ನಡುವಿನ ಕೋನ 45 ಡಿಗ್ರಿ ಇದ್ದರೆ, 1.732 ಅನ್ನು 0.707ರಿಂದ ಗುಣಿಸಿದಾಗ 1.225 ಬರುತ್ತದೆ, ಅಂದರೆ ಸುಮಾರು 51 ಡಿಗ್ರಿ.

ಮೇಲು ಯಾವುದು, ಕೆಳಗು ಯಾವುದು

ಈಗ ಕಂಬಳಿಯ ವಿಷಯಕ್ಕೆ ಬರೋಣ. ಪದರವೊಂದು ಹುಟ್ಟಿದಾಗ ಅದರ ಯಾವ ಮೈ ಆಕಾಶದ ಕಡೆಗಿತ್ತು ಎಂಬುದನ್ನು ಹೇಳುವ ಗುರುತುಗಳು ಶಿಲೆಯಲ್ಲೇ ಇರುತ್ತವೆ. ಇದನ್ನು ನೋಡಲು ಐಮಂಗಲದ ಬಳಿಯ ಮರಡಿಹಳ್ಳಿಗಿಂತ ಒಳ್ಳೆಯ ಜಾಗ ನಮ್ಮ ಸುತ್ತಿನಲ್ಲಿಲ್ಲ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿನಲ್ಲಿ ಥಟ್ಟನೆ ತಣಿದು ದಿಂಬುಗಳಂತೆ ಒಂದರ ಮೇಲೊಂದು ಕೂತ ಶಿಲೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹಸಿರು ಛಾಯೆಯ ಆ ಬಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೇ ಒಂದು ದಿಂಬಿನ ಅಂಚಿನ ಮೇಲೆ ಬೆರಳಾಡಿಸಿ. ಅಂಚಿನ ಗುಂಟ ಒಂದೆರಡು ಬೆರಳಗಲದ, ಒಳಭಾಗಕ್ಕಿಂತ ನುಣುಪಾದ, ಕಪ್ಪಾದ ಪಟ್ಟಿ ಸಿಗುತ್ತದೆ; ನೀರಿಗೆ ತಾಗಿ ಮೊದಲು ಗಟ್ಟಿಯಾದ ಸಿಪ್ಪೆ ಅದು. ಆ ಅಂಚನ್ನು ಹಿಡಿದು ದಿಂಬನ್ನು ಸುತ್ತಿ ಬಂದರೆ ಒಂದು ಕಡೆ ಉಬ್ಬಿ ದುಂಡಗಾಗಿರುತ್ತದೆ, ಇನ್ನೊಂದು ಕಡೆ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ಚೂಪು ಬಾಲವಿರುತ್ತದೆ. ಉಬ್ಬಿದ್ದು ಮೇಲು, ಬಾಲವಿದ್ದದ್ದು ಕೆಳಗು. ಒಂದೇ ದಿಂಬನ್ನು ನೋಡಿ ತೀರ್ಮಾನಿಸಬಾರದು. ಒತ್ತಡಕ್ಕೆ ಸಿಕ್ಕು ಕೆಲವು ದಿಂಬುಗಳು ಹಿಗ್ಗಿ ಆಕಾರ ಕಳೆದುಕೊಂಡಿರುತ್ತವೆ. ಹತ್ತು ದಿಂಬುಗಳನ್ನು ನೋಡಿ, ಎಂಟಾದರೂ ಒಂದೇ ಮಾತು ಹೇಳಿದರೆ ಬರೆದುಕೊಳ್ಳಿ. ಅಲ್ಲಿ ಸುತ್ತಿಗೆಯನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಸಾವಿರಾರು ವಿದ್ಯಾರ್ಥಿಗಳು ಇನ್ನೂ ನೋಡಬೇಕಾದ ಕಲ್ಲು ಅದು.

ಮರಳು, ಜೇಡಿ ಬೆರೆತು ಗಟ್ಟಿಯಾದ ಗ್ರೇವ್ಯಾಕ್ ಶಿಲೆಯಲ್ಲಿ ಗುರುತು ಬೇರೆ. ಕೆಸರುನೀರು ಸಮುದ್ರದ ತಳದಲ್ಲಿ ನಿಂತಾಗ ದಪ್ಪ ಮರಳು ಮೊದಲು, ಸಣ್ಣ ಜೇಡಿ ಆಮೇಲೆ ಕೂರುತ್ತದೆ. ಆದ್ದರಿಂದ ಪ್ರತಿ ಪದರದಲ್ಲೂ ಕಣಗಳು ಒರಟಿನಿಂದ ನಯಕ್ಕೆ ಹೋಗುವ ದಿಕ್ಕೇ ಮೇಲಿನ ದಿಕ್ಕು. ಮರಳುಕಲ್ಲು ಮಾರ್ಪಟ್ಟು ಆದ ಕ್ವಾರ್ಟ್ಜೈಟಿನಲ್ಲಿ ಓರೆಪದರಗಳನ್ನು ನೋಡಬೇಕು: ಕೆಳತುದಿಯಲ್ಲಿ ಬಾಗಿ ತಳಕ್ಕೆ ಒರಗಿಕೊಳ್ಳುವ ಗೆರೆಗಳು ಮೇಲ್ತುದಿಯಲ್ಲಿ ಥಟ್ಟನೆ ಕತ್ತರಿಸಿಹೋಗಿರುತ್ತವೆ. ಇವು ಯಾವುದೂ ಸಿಗದ ಕಡೆ ಪದರಕ್ಕೂ ಶಿಸ್ಟಿನ ಸೀಳುತಲಕ್ಕೂ ಇರುವ ಸಂಬಂಧವನ್ನು ನೋಡಬಹುದು. ಎರಡೂ ಒಂದೇ ಕಡೆಗೆ ವಾಲಿದ್ದು, ಸೀಳುತಲ ಪದರಕ್ಕಿಂತ ಕಡಿದಾಗಿದ್ದರೆ ಪದರ ಸರಿಯಾಗಿ ಕೂತಿದೆ. ಪದರವೇ ಸೀಳುತಲಕ್ಕಿಂತ ಕಡಿದಾಗಿದ್ದರೆ ಪದರ ಮಗುಚಿದೆ. ಒಂದೇ ಸಲ ಮಡಿಚಿಕೊಂಡ ಶಿಲೆಗೆ ಮಾತ್ರ ಈ ಸೂತ್ರ ಹೊಂದುತ್ತದೆ. ನಮ್ಮ ಪಟ್ಟಿ ಒಂದಕ್ಕಿಂತ ಹೆಚ್ಚು ಸಲ ಮಡಿಚಿಕೊಂಡಿರುವುದರಿಂದ ಇದನ್ನು ಒಂಟಿ ಸಾಕ್ಷಿಯಾಗಿ ಬಳಸಬಾರದು.

ಅಭ್ಯಾಸಕ್ಕೆಂದು ಒಂದು ಕಲ್ಪಿತ ರೇಖೆಯನ್ನು ತೆಗೆದುಕೊಳ್ಳೋಣ. ಪಶ್ಚಿಮದಿಂದ ಪೂರ್ವಕ್ಕೆ ನಡೆಯುವಾಗ ಮೊದಲು ಕ್ವಾರ್ಟ್ಜೈಟ್, ಆಮೇಲೆ ಸುಣ್ಣಕಲ್ಲು, ಕಬ್ಬಿಣಶಿಲೆ, 800 ಮೀಟರ್ ಅಗಲಕ್ಕೆ ಗ್ರೇವ್ಯಾಕ್, ಮತ್ತೆ ಕಬ್ಬಿಣಶಿಲೆ, ಮತ್ತೆ ಸುಣ್ಣಕಲ್ಲು ಸಿಗುತ್ತವೆ. ಎಲ್ಲವೂ ಪೂರ್ವಕ್ಕೆ 70 ಡಿಗ್ರಿ ವಾಲಿವೆ. ಡಿಪ್ಪನ್ನಷ್ಟೇ ನೋಡಿದವರು ಆರು ಪದರಗಳ ಅಟ್ಟಿಯನ್ನು ಬಿಡಿಸುತ್ತಾರೆ. ಆದರೆ ಗ್ರೇವ್ಯಾಕಿನ ಪಶ್ಚಿಮದ ಅರ್ಧದಲ್ಲಿ ಕಣಗಳು ಪೂರ್ವಕ್ಕೆ ಹೋದಂತೆ ನಯವಾಗುತ್ತವೆ, ಪೂರ್ವದ ಅರ್ಧದಲ್ಲಿ ಪಶ್ಚಿಮಕ್ಕೆ ಹೋದಂತೆ ನಯವಾಗುತ್ತವೆ ಎಂದು ನಿಮ್ಮ ಟಿಪ್ಪಣಿ ಪುಸ್ತಕ ಹೇಳಿದರೆ, ಎರಡೂ ಕಡೆಯ ಪದರಗಳ ಮೇಲ್ಮೈ ನಡುವಿನತ್ತ ಮುಖ ಮಾಡಿವೆ ಎಂದಾಯಿತು. ಇದು ಕೆಳಮಡಿಕೆ, ಅಂದರೆ ತೊಟ್ಟಿಲಿನಂತೆ ಕೆಳಕ್ಕೆ ಬಾಗಿದ ಮಡಿಕೆ. ಗ್ರೇವ್ಯಾಕ್ ಅದರ ತಿರುಳು, ಎಲ್ಲಕ್ಕಿಂತ ಕಿರಿಯದು. ಪಶ್ಚಿಮದ ಮಗ್ಗುಲು ಸರಿಯಾಗಿ ಕೂತಿದೆ, ಪೂರ್ವದ ಮಗ್ಗುಲು ಮಗುಚಿದೆ, ಮಡಿಕೆಯನ್ನು ಎರಡು ಮಗ್ಗುಲಾಗಿ ಭಾಗಿಸುವ ನಡುತಲವೂ ಪೂರ್ವಕ್ಕೇ ವಾಲಿದೆ. ದಪ್ಪದ ಲೆಕ್ಕವೂ ಬದಲಾಗುತ್ತದೆ. ಸಮನೆಲದಲ್ಲಿ ಅಗಲವನ್ನು ಡಿಪ್ಪಿನ ಸೈನ್ ಬೆಲೆಯಿಂದ ಗುಣಿಸಿದರೆ ದಪ್ಪ ಸಿಗುತ್ತದೆ. 800 ಮೀಟರನ್ನು 0.94ರಿಂದ ಗುಣಿಸಿದರೆ ಸುಮಾರು 750 ಮೀಟರ್. ಆದರೆ ಅದು ಮಡಿಚಿಕೊಂಡ ಎರಡು ಪದರದ ದಪ್ಪ, ಆದ್ದರಿಂದ ಗ್ರೇವ್ಯಾಕಿನ ನಿಜ ದಪ್ಪ ಸುಮಾರು 375 ಮೀಟರ್.

ಮಡಿಕೆಯ ತಳವನ್ನು ಎಷ್ಟು ಆಳದಲ್ಲಿ ಬಿಡಿಸಬೇಕು ಎಂಬುದು ಮುಂದಿನ ಪ್ರಶ್ನೆ. ಎರಡೂ ಮಗ್ಗುಲು ಸಮಾನಾಂತರವಾಗಿರುವುದರಿಂದ ಅವುಗಳ ಗೆರೆಗಳನ್ನು ಮುಂದುವರಿಸಿದರೆ ಎಲ್ಲೂ ಸೇರುವುದಿಲ್ಲ. ಇಲ್ಲಿ ನೆರವಾಗುವುದು ಮಡಿಕೆಯ ಅಕ್ಷ, ಅಂದರೆ ಪದರ ಬಾಗುವ ಗೆರೆ, ಎಷ್ಟು ಡಿಗ್ರಿ ಇಳಿಯುತ್ತದೆ ಎಂಬ ಅಳತೆ. ಇದೇ ಕೆಳಮಡಿಕೆ ನಿಮ್ಮ ರೇಖೆಯಿಂದ 3 ಕಿಲೋಮೀಟರ್ ದಕ್ಷಿಣಕ್ಕೆ ನಕ್ಷೆಯಲ್ಲಿ ಮೂಗಿನಂತೆ ಮುಚ್ಚಿಕೊಂಡಿದ್ದು, ಅಕ್ಷ ಉತ್ತರಕ್ಕೆ 20 ಡಿಗ್ರಿ ಇಳಿಯುತ್ತಿದ್ದರೆ, ನಿಮ್ಮ ರೇಖೆಯ ಕೆಳಗೆ ಮಡಿಕೆಯ ತಳ 3 ಕಿಲೋಮೀಟರನ್ನು 0.364ರಿಂದ ಗುಣಿಸಿದಷ್ಟು, ಅಂದರೆ ಸುಮಾರು 1.1 ಕಿಲೋಮೀಟರ್ ಆಳದಲ್ಲಿರುತ್ತದೆ. ಮಡಿಕೆಯ ತುದಿಯನ್ನು ದಪ್ಪವಾಗಿಯೂ ಮಗ್ಗುಲುಗಳನ್ನು ತೆಳುವಾಗಿಯೂ ಬಿಡಿಸಿ. ಕೈವಾರದಿಂದ ಕಮಾನು ಎಳೆದು ಪದರಗಳನ್ನು ಸೇರಿಸುವ ವಿಧಾನ ದಪ್ಪ ಬದಲಾಗದ, ಮೃದುವಾಗಿ ಮಡಿಚಿಕೊಂಡ ಜಲಜಶಿಲೆಗಳಿಗೆ ಒಳ್ಳೆಯದು, ನಮ್ಮ ಶಿಸ್ಟುಗಳಿಗೆ ಹೊಂದುವುದಿಲ್ಲ.

ಗ್ರಾನೈಟ್, ಡೈಕ್, ಸ್ತರಭಂಗ

ಪದರವಿಲ್ಲದ ಶಿಲೆಗಳಿಗೆ ಬೇರೆ ನಿಯಮ. ಕೋಟೆಯ ಗ್ರಾನೈಟ್ ಸುಮಾರು 260 ಕೋಟಿ ವರ್ಷಗಳ ಹಿಂದೆ ಕರಗಿದ ಸ್ಥಿತಿಯಲ್ಲಿ ಈ ಪಟ್ಟಿಯೊಳಗೆ ನುಗ್ಗಿ ಬಂದದ್ದು; ಅದರ ಗಡಿ ಶಿಸ್ಟಿನ ಪದರಗಳನ್ನು ಕತ್ತರಿಸಿಕೊಂಡು ಹೋಗಬಹುದು. ನೆಲದ ಮೇಲೆ ಕಂಡ ಗಡಿಯ ಕೋನವನ್ನು ಸ್ವಲ್ಪ ಆಳದವರೆಗೆ ತೋರಿಸಿ, ಕೆಳಗಡೆ ತೆರೆದೇ ಬಿಡಿ. ಗ್ರಾನೈಟಿಗೆ ದುಂಡಗಿನ ತಳ ಬಿಡಿಸಿ ಮುಚ್ಚುವುದು ಅನೇಕರ ರೂಢಿ, ಅದಕ್ಕೆ ಆಧಾರವಿಲ್ಲ. ಶಿಸ್ಟ್ ಪಟ್ಟಿಯ ಆಳವನ್ನು ಅಂದಾಜು ಮಾಡಲು ಗುರುತ್ವದ ಅಳತೆಗಳು ನೆರವಾಗುತ್ತವೆ, ಏಕೆಂದರೆ ಲಾವಾದಿಂದಾದ ಹಸಿರುಶಿಲೆಗಳು ಗ್ರಾನೈಟ್ ಮತ್ತು ಪಟ್ಟೆಪಟ್ಟೆಯಾದ ನೈಸ್ ಶಿಲೆಗಿಂತ ಸಾಂದ್ರವಾಗಿವೆ.

ದಾವಣಗೆರೆಯ ಬಯಲಿನಲ್ಲಿ ಛೇದ ಬಿಡಿಸುವವರಿಗೆ ಕೆಲಸ ಸರಳ, ಆದರೆ ಬೇಸರ ತರಿಸುವಂಥದ್ದು: ಬಹುಪಾಲು ನೈಸ್, ಅದರ ಬಿರುಕುಗಳಲ್ಲಿ ನುಗ್ಗಿ ಗೋಡೆಯಂತೆ ನಿಂತ ಕಪ್ಪು ಡಾಲರೈಟ್ ಡೈಕುಗಳು. ಡೈಕನ್ನು ಬಹುಮಟ್ಟಿಗೆ ನೆಟ್ಟಗೆ, ಎರಡು ಸಮಾನಾಂತರ ಗೆರೆಗಳಾಗಿ ಇಳಿಸಿದರೆ ಸಾಕು.

ಪಟ್ಟಿಯ ಪೂರ್ವದ ಅಂಚಿನಲ್ಲಿ ಮಾತ್ರ ಜಾಗ್ರತೆ ಬೇಕು. ಅಲ್ಲಿ ದಕ್ಷಿಣ ಭಾರತದ ಹಳೆಯ ಗಟ್ಟಿ ಭೂತಳವಾದ ಧಾರವಾಡ ಶಿಲಾಖಂಡದ ಪಶ್ಚಿಮ ಭಾಗವನ್ನೂ ಪೂರ್ವ ಭಾಗವನ್ನೂ ಬೇರ್ಪಡಿಸುವ ಚಿತ್ರದುರ್ಗ ಶಿಯರ್ ವಲಯವಿದೆ. ಅದನ್ನು ಪದರಗಳು ಮುರಿದು ಸರಿದ ಒಂದೇ ಗೆರೆಯ ಸ್ತರಭಂಗದಂತೆ ಬಿಡಿಸದೆ, ಶಿಲೆಗಳು ಅರೆದು ಹಿಗ್ಗಿದ ಒಂದು ಅಗಲವಾದ ಪಟ್ಟಿಯಾಗಿ, ಪೂರ್ವಕ್ಕೆ ವಾಲಿದಂತೆ ತೋರಿಸಬೇಕು. ಅದರ ಎರಡೂ ಬದಿಯ ಪದರಗಳನ್ನು ಸೇರಿಸಿ ಮಡಿಕೆ ಮಾಡುವ ಯತ್ನ ಬೇಡ.

ಬಿಡಿಸಿದ ಛೇದವನ್ನು ಓದುವುದು

ಬೇರೆಯವರು ಬಿಡಿಸಿದ ಛೇದ ಕೈಗೆ ಬಂದಾಗ ನಾನು ಮೊದಲು ನೋಡುವುದು ಬಣ್ಣಗಳನ್ನಲ್ಲ, ಗೆರೆಗಳ ಬಗೆಯನ್ನು. ಕಂಡದ್ದಕ್ಕೆ ತುಂಬುಗೆರೆ, ಊಹಿಸಿದ್ದಕ್ಕೆ ತುಂಡುಗೆರೆ ಇರಬೇಕು. 2 ಕಿಲೋಮೀಟರ್ ಆಳದವರೆಗೂ ಎಲ್ಲ ಗೆರೆಗಳೂ ತುಂಬಿಕೊಂಡಿದ್ದರೆ ಬಿಡಿಸಿದವರು ತಮಗೆ ಗೊತ್ತಿರುವುದಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ ಎಂದೇ ಅರ್ಥ. ಆಮೇಲೆ ಲಂಬ ಪ್ರಮಾಣವನ್ನೂ, ಸ್ತರಭಂಗದ ಎರಡು ಬದಿಗಳಲ್ಲಿ ಒಂದೇ ಪದರದ ದಪ್ಪ ಹೊಂದುತ್ತದೆಯೇ ಎಂಬುದನ್ನೂ ನೋಡುತ್ತೇನೆ. ಎರಡು ಛೇದರೇಖೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಎರಡರಲ್ಲೂ ಪ್ರತಿ ಗಡಿ ಒಂದೇ ಆಳದಲ್ಲಿರಬೇಕು. ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಇನ್ನೊಂದಿಲ್ಲ.

ಘಟನೆಗಳ ಕ್ರಮವನ್ನು ಓದುವುದು ಆ ನಂತರದ ಕೆಲಸ. ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಾಂಗ್ಲೊಮೆರೇಟಿನಲ್ಲಿ ಬಗೆಬಗೆಯ ಶಿಲೆಗಳ ಉಂಡೆಗಳು ಹುದುಗಿವೆ. ಯಾವ ಶಿಲೆಯ ಉಂಡೆ ಅದರೊಳಗಿದೆಯೋ ಆ ಶಿಲೆ ಕಾಂಗ್ಲೊಮೆರೇಟಿಗಿಂತ ಹಳೆಯದು, ಅದು ಮೊದಲೇ ಮೇಲೆದ್ದು ಸವೆದು ನದಿಗೆ ಬಿದ್ದಿತ್ತು. ಆದ್ದರಿಂದ ಅಂಥ ಪದರದ ತಳವನ್ನು ಕಾಲದ ಅಂತರವನ್ನು ತೋರುವ ಅಲೆಗೆರೆಯಿಂದ ಗುರುತಿಸಬೇಕು.

ಕಣಿವೆಗಳೂ ಓದಿಗೆ ನೆರವಾಗುತ್ತವೆ. ಮೃದುವಾಗಿ ವಾಲಿದ ಪದರದ ಗಡಿ ಕಣಿವೆಯನ್ನು ದಾಟುವಾಗ ನಕ್ಷೆಯಲ್ಲಿ ದೊಡ್ಡ ವಿ ಆಕಾರ ಮಾಡುತ್ತದೆ, ನೆಟ್ಟಗೆ ನಿಂತ ಪದರದ ಗಡಿ ನೇರವಾಗಿ ದಾಟುತ್ತದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ ನಿಂತಿರುವ ಮಾರಿಕಣಿವೆಯಲ್ಲಿ ವೇದಾವತಿ ಬೆಟ್ಟದ ಸಾಲನ್ನೇ ಸೀಳಿಕೊಂಡು ಬಂದಿದೆ. ಕಡಿದಾದ ಪದರಗಳ ಸಾಲಿಗೆ ಅಂಥ ಸೀಳು ನೈಸರ್ಗಿಕ ಛೇದವೇ ಆಗಿರುವುದರಿಂದ, ಕಾಗದದ ಮೇಲಿನ ಕೋನವನ್ನು ಎದುರಿನ ಇಳಿಜಾರಿನ ಕೋನದೊಂದಿಗೆ ಕಣ್ಣಾರೆ ಹೋಲಿಸಿ ನೋಡಬಹುದು.

ಕೊನೆಯದಾಗಿ, ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುವ ಒಂದು ಸಾಕ್ಷಿ ಇದೆ: ಕೊಳವೆಬಾವಿ. ಲಾರಿ ನಿಂತು ಕೊರೆಯುವಾಗ ಮೇಲೆ ಬರುವ ಪುಡಿಯನ್ನು ಇಪ್ಪತ್ತು ಅಡಿಗೊಮ್ಮೆ ಒಂದು ಹಿಡಿ ತೆಗೆದು, ನೀರಿನಲ್ಲಿ ತೊಳೆದು, ಕಾಗದದ ಪೊಟ್ಟಣದಲ್ಲಿ ಆಳ ಬರೆದಿಡಿ. ನೀರು ಬೆರೆಸಿದ ಆಮ್ಲಕ್ಕೆ ನೊರೆ ಬಂದರೆ ಸುಣ್ಣಕಲ್ಲು, ನೊರೆ ಬರಲು ತಡವಾದರೆ ಡಾಲೊಮೈಟ್; ಅಯಸ್ಕಾಂತಕ್ಕೆ ಅಂಟಿದ ಚೂರುಗಳು ಕಬ್ಬಿಣಶಿಲೆಯವಾಗಿರಬಹುದು, ಕೊರೆಯುವ ಉಳಿಯ ಉಕ್ಕಿನ ಚೂರುಗಳೂ ಆಗಿರಬಹುದು, ಆದ್ದರಿಂದ ಲೆನ್ಸಿನಲ್ಲಿ ನೋಡಿ ಬೇರ್ಪಡಿಸಿ. ಕೊರೆದು ವರ್ಷಗಳಾಗಿದ್ದರೆ ರೈತರನ್ನು ಕೇಳಿ: ‘ಇನ್ನೂರು ಅಡಿವರೆಗೂ ಕರಿಕಲ್ಲು ಬಂತು, ಆಮೇಲೆ ಬಿಳಿ ಪುಡಿ ಹಾರಿತು’ ಎಂಬ ನೆನಪೂ ಒಂದು ಗಡಿಯ ಆಳವೇ. ಅದನ್ನು ಛೇದದ ಮೇಲೆ ಸಣ್ಣ ಲಂಬ ಗೆರೆಯಾಗಿ ಇಳಿಸಿ, ನಿಮ್ಮ ತುಂಡುಗೆರೆ ಆ ಆಳಕ್ಕೆ ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಎಂದು ಅಳೆಯಿರಿ. ಹತ್ತು ಮೀಟರ್ ಒಳಗಿದ್ದರೆ ಗೆರೆಯನ್ನು ಅಲ್ಲಿಗೆ ಸರಿಸಬಹುದು. ನೂರು ಮೀಟರ್ ದೂರವಿದ್ದರೆ ಗೆರೆಯನ್ನು ಎಳೆದಾಡದೆ, ಆ ಕೊಳವೆಬಾವಿಗೆ ಹತ್ತಿರದ ಬಂಡೆಯ ಬಳಿಗೆ ಮತ್ತೊಮ್ಮೆ ಹೋಗಿ ಡಿಪ್ಪನ್ನೂ ಮೇಲು ಕೆಳಗನ್ನೂ ಹೊಸದಾಗಿ ಅಳೆದು ಬನ್ನಿ.